ಹಸಿರು ಇಂಧನದ ಸ್ಟಾರ್ಟಪ್‌ಗೆ ಸರ್ಕಾರದ ದುಡ್ಡು: ಸರಿಯೋ ತಪ್ಪೋ ಅಳೆಯುವುದು ಹೇಗೆ?

"ಸೌರಶಕ್ತಿ ಸ್ಟಾರ್ಟಪ್‌ಗಳಿಗೆ ಸರ್ಕಾರದಿಂದ ಇಷ್ಟು ಕೋಟಿ" ಅಂತ ಪೇಪರಿನಲ್ಲಿ ಬಂದ ದಿನ ನಮ್ಮ ಮನೆಯಲ್ಲಿ ಜಗಳ ಖಾಯಂ. ಅಪ್ಪ "ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ" ಅನ್ನುತ್ತಾರೆ. ತಂಗಿ "ಇಂಥದ್ದಕ್ಕಲ್ಲದೆ ಇನ್ಯಾವುದಕ್ಕೆ ಖರ್ಚು ಮಾಡ್ಬೇಕು?" ಅನ್ನುತ್ತಾಳೆ. ಆ ಕೋಟಿ ಸಾಲವೋ, ಅನುದಾನವೋ, ಷೇರೋ ಅಂತ ಇಬ್ಬರೂ ನೋಡಿರುವುದಿಲ್ಲ. ನನ್ನ ಪ್ರಕಾರ ನೋಡಬೇಕಾದ್ದು ಅದನ್ನೇ. ಸರ್ಕಾರ ಈ ಕ್ಷೇತ್ರಕ್ಕೆ ಹಣ ಹಾಕಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬೇರೆ ಯಾರೂ ಹಾಕದ ಜಾಗದಲ್ಲಿ ಹಾಕಬೇಕು, ಗೆದ್ದರೆ ಜನರಿಗೂ ಪಾಲು ಬರುವ ಹಾಗೆ ಹಾಕಬೇಕು. ಮುಂದೆ ಇಂಥ ಸುದ್ದಿ ಓದುವಾಗ ಕೈಯಲ್ಲಿ ಪೆನ್ನು ಇಟ್ಟುಕೊಳ್ಳಿ. ನಾನು ಏನೇನು ಗುರುತು ಹಾಕಿಕೊಳ್ಳುತ್ತೇನೆ ಅಂತ ಹೇಳುತ್ತೇನೆ.

ಇದಕ್ಕೆ ಬ್ಯಾಂಕ್ ಸಾಲ ಕೊಡುತ್ತಾ?

ಮೊದಲ ಪ್ರಶ್ನೆ ಇದೇ. ಬ್ಯಾಂಕ್ ಕೊಡುತ್ತದೆ ಅಂತಾದರೆ ನಮ್ಮ ತೆರಿಗೆ ಹಣ ಅಲ್ಲಿಗೆ ಬೇಕಾಗಿಲ್ಲ.

ಪಾವಗಡದ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವಾಟ್, ಸುಮಾರು 13,000 ಎಕರೆ. ಅಲ್ಲಿ ಸರ್ಕಾರ ಯಾವ ಕಂಪನಿಗೂ "ತಗೋಪ್ಪಾ ಬಂಡವಾಳ" ಅಂತ ಕೊಟ್ಟು ಕೂರಿಸಲಿಲ್ಲ. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಜಮೀನು ಗುತ್ತಿಗೆಗೆ ಪಡೆಯಿತು, ರಸ್ತೆ ಮಾಡಿತು, ಸಬ್‌ಸ್ಟೇಷನ್ ಕಟ್ಟಿಸಿತು, ಆಮೇಲೆ ಹರಾಜು ಕರೆಯಿತು. ಕಂಪನಿಗಳು ತಮ್ಮ ಬಂಡವಾಳ, ಬ್ಯಾಂಕ್ ಸಾಲ ಹಿಡಿದುಕೊಂಡು ಬಂದವು. ಫಲಕ ಜೋಡಿಸಿ ಕರೆಂಟ್ ಮಾರುವುದು ಈಗ ಎಲ್ಲರಿಗೂ ಗೊತ್ತಿರುವ ವ್ಯಾಪಾರ, ಅದರಲ್ಲಿ ಹೊಸ ಗಂಡಾಂತರ ಕಡಿಮೆ. ಹಾಗಾಗಿ ಚಾವಣಿ ಮೇಲೆ ಸೋಲಾರ್ ಹಾಕಿಕೊಡುವ ಒಂದು ಹೊಸ ಕಂಪನಿಗೆ, ಆಪ್ ಇದೆ ಅನ್ನುವ ಒಂದೇ ಕಾರಣಕ್ಕೆ, ಸರ್ಕಾರ ಕೋಟಿಗಟ್ಟಲೆ ಕೊಡುತ್ತದೆ ಅಂದರೆ ನಾನು ಬೇಡ ಅನ್ನುತ್ತೇನೆ.

ಅದೇ, ಲಿಥಿಯಂ ಇಲ್ಲದ ಹೊಸ ಬ್ಯಾಟರಿಯೊಂದನ್ನು ನಮ್ಮ ಬಿಸಿಲಿನಲ್ಲಿ, ನಮ್ಮ ಧೂಳಿನಲ್ಲಿ ಎರಡು ವರ್ಷ ಓಡಿಸಿ ನೋಡಬೇಕು ಅಂತ ಯಾರೋ ಬಂದರೆ? ಅವರಿಗೆ ಬ್ಯಾಂಕ್ ಬಾಗಿಲೇ ತೆರೆಯುವುದಿಲ್ಲ. ಅಡ ಇಡಲು ಏನೂ ಇರುವುದಿಲ್ಲ, ಆದಾಯ ಸೊನ್ನೆ. ಖಾಸಗಿ ಹೂಡಿಕೆದಾರರು ಕೆಲವೇ ವರ್ಷಗಳಲ್ಲಿ ದುಡ್ಡು ವಾಪಸ್ ಬರಲಿ ಅಂತ ಬಯಸುತ್ತಾರೆ, ಮೊಬೈಲ್ ಆಪ್ ಬೆಳೆದಷ್ಟು ಬೇಗ ಬ್ಯಾಟರಿ ಬೆಳೆಯುವುದಿಲ್ಲ. ಈ ಹಂತದಲ್ಲಿ ಕೈಹಿಡಿಯೋಕೆ ಸರ್ಕಾರ ಬಿಟ್ಟರೆ ಇನ್ಯಾರೂ ಇಲ್ಲ ಅನ್ನಬಹುದು.

ಯಾವ ರೂಪದಲ್ಲಿ ಕೊಡುತ್ತಿದ್ದಾರೆ?

ಅನುದಾನ, ಸಾಲ, ಸಾಲಕ್ಕೆ ಜಾಮೀನು, ಷೇರು. ಸುದ್ದಿಯಲ್ಲಿ ಎಲ್ಲಕ್ಕೂ "ನೆರವು" ಅಂತ ಒಂದೇ ಪದ ಇರುತ್ತದೆ. ಹುಡುಕಿ ಗುರುತು ಹಾಕಿ.

ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಯಿತು. ಅದರಲ್ಲಿ ಐಡಿಯಾ ಕೆಲಸ ಮಾಡುತ್ತದೋ ಇಲ್ಲವೋ ಅಂತ ತೋರಿಸಲು 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಇಳಿಯುವಾಗ 50 ಲಕ್ಷದವರೆಗೆ ಸಿಗುವ ಏರ್ಪಾಡು ಮಾಡಿದರು, ಆದರೆ ಸಾಲವಾಗಿ, ಇಲ್ಲವೇ ಮುಂದೆ ಷೇರಾಗಿ ಬದಲಾಯಿಸಬಹುದಾದ ರೂಪದಲ್ಲಿ. ಈ ವಿಂಗಡಣೆ ನನಗೆ ಇಷ್ಟ. ನಮ್ಮ ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೂ ಅನುದಾನವೇ, ಸರ್ಕಾರ ಪಾಲು ಕೇಳುವುದಿಲ್ಲ. ಸಣ್ಣ ಮೊತ್ತ, ಮೊದಲ ಹಂತ, ಆದ್ದರಿಂದ ಒಪ್ಪಬಹುದು. ಮೊತ್ತ ಕೋಟಿಗಳಿಗೆ ಹೋದಾಗ ಮಾತ್ರ ಪಾಲಿನ ವಿಷಯ ಬಿಡಬಾರದು.

ಯಾಕೆ ಅಂತ ಅಮೆರಿಕದ ಎರಡು ಕಂಪನಿಗಳ ಕಥೆ ಹೇಳುತ್ತದೆ. ಸೊಲಿಂಡ್ರಾ ಅಂತ ಕ್ಯಾಲಿಫೋರ್ನಿಯಾದ ಒಂದು ಕಂಪನಿ ಇತ್ತು. ಚಪ್ಪಟೆ ಫಲಕದ ಬದಲು ಟ್ಯೂಬ್‌ಲೈಟಿನ ಥರ ಕೊಳವೆಯಾಕಾರದ ಸೌರ ಫಲಕ ಮಾಡುತ್ತಿತ್ತು. ಮಾಮೂಲಿ ಫಲಕಕ್ಕೆ ಬೇಕಾದ ಸಿಲಿಕಾನ್ ದುಬಾರಿ ಇದ್ದಾಗ ಅದು ಒಳ್ಳೆಯ ಲೆಕ್ಕಾಚಾರವೇ. ಅಲ್ಲಿನ ಇಂಧನ ಇಲಾಖೆ 2009ರಲ್ಲಿ 53.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಆಮೇಲೆ ಸಿಲಿಕಾನ್ ಬೆಲೆ ಪಾತಾಳಕ್ಕೆ ಇಳಿಯಿತು, 2011ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ. ಅದೇ ಇಲಾಖೆಯ ಇನ್ನೊಂದು ಯೋಜನೆಯಿಂದ 2010ರಲ್ಲಿ, ಕರೆಂಟ್ ಕಾರು ಮಾಡುವ ಟೆಸ್ಲಾಗೆ 46.5 ಕೋಟಿ ಡಾಲರ್ ಸಾಲ ಸಿಕ್ಕಿತ್ತು. 2013ರ ಮೇ ತಿಂಗಳಲ್ಲಿ, ಗಡುವಿಗೆ ಒಂಬತ್ತು ವರ್ಷ ಮೊದಲೇ, ಟೆಸ್ಲಾ ಅದನ್ನು ತೀರಿಸಿಬಿಟ್ಟಿತು. ಸರ್ಕಾರಕ್ಕೆ ಷೇರು ಕೊಳ್ಳುವ ಹಕ್ಕೂ ಇತ್ತು, ಆದರೆ ಸಾಲ ಬೇಗ ತೀರಿದರೆ ಆ ಹಕ್ಕು ಹೋಗುತ್ತದೆ ಅಂತ ಶರತ್ತು ಬರೆದಿದ್ದರು. ಹಾಗೇ ಆಯಿತು. ಸೋತ ಕಂಪನಿಯ ಸಾಲದ ನಷ್ಟ ಜನರ ತಲೆ ಮೇಲೆ, ಗೆದ್ದ ಕಂಪನಿಯಿಂದ ಜನರಿಗೆ ಸಿಕ್ಕಿದ್ದು ಬರೀ ಬಡ್ಡಿ. ಈ ಶರತ್ತು ಬರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಇಷ್ಟಾದರೂ ಒಟ್ಟು ಲೆಕ್ಕ ಕೆಟ್ಟಿರಲಿಲ್ಲ. 2014ರ ಹೊತ್ತಿಗೆ ಆ ಇಲಾಖೆಯ ಸಾಲಗಳಲ್ಲಿ ಆದ ನಷ್ಟ ಸುಮಾರು 78 ಕೋಟಿ ಡಾಲರ್, ಬಂದ ಬಡ್ಡಿ ಸುಮಾರು 81 ಕೋಟಿ. ಒಂದು ಕಂಪನಿ ಮುಳುಗಿದ ಕೂಡಲೇ "ಯೋಜನೆಯೇ ಮೋಸ" ಅನ್ನುವವರಿಗೆ ಈ ಅಂಕಿ ತೋರಿಸಿ. ಹೊಸತನ್ನು ಪರೀಕ್ಷಿಸುವಾಗ ಕೆಲವು ಸೋಲಲೇಬೇಕು. ಒಂದೂ ಸೋಲಲಿಲ್ಲ ಅಂದರೆ ಸರ್ಕಾರ ಬ್ಯಾಂಕ್ ಕೊಡುವ ಕಡೆಗೇ ಹಣ ಕೊಟ್ಟಿದೆ ಅಂತ ಅರ್ಥ.

ಮುಳುಗಿದರೆ ಮೊದಲು ಯಾರಿಗೆ ದುಡ್ಡು ವಾಪಸ್?

ಸೊಲಿಂಡ್ರಾ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. 2011ರ ಶುರುವಿನಲ್ಲಿ ಕಂಪನಿ ತತ್ತರಿಸುತ್ತಿದ್ದಾಗ ಖಾಸಗಿ ಹೂಡಿಕೆದಾರರು ಇನ್ನೂ 7.5 ಕೋಟಿ ಡಾಲರ್ ಹಾಕಿದರು. ಅದಕ್ಕೆ ಬದಲಾಗಿ, ಕಂಪನಿ ಮುಚ್ಚಿದರೆ ಆ ಹಣ ಸರ್ಕಾರದ ಸಾಲಕ್ಕಿಂತ ಮೊದಲು ವಾಪಸ್ ಬರಬೇಕು ಅಂತ ಒಪ್ಪಂದವಾಯಿತು. ಜನರ ದುಡ್ಡು ಸಾಲಿನಲ್ಲಿ ಹಿಂದೆ ಹೋಯಿತು. ನಮ್ಮಲ್ಲಿ ಹಣ ಕೊಡುವಾಗಲೂ ಈ ಸಾಲಿನಲ್ಲಿ ಜನರ ದುಡ್ಡು ಎಷ್ಟನೆಯದು ಅಂತ ಕೇಳಿ. ಜೊತೆಗೆ, ಹಣ ಒಂದೇ ಸಲಕ್ಕೆ ಹೋಗುತ್ತದೋ ಕಂತಿನಲ್ಲೋ, ಒಂದೊಂದು ಕಂತಿಗೂ ಮುಂಚೆ ಏನು ತೋರಿಸಬೇಕು ಅಂತ ನೋಡಿ. "ಪ್ರಗತಿ ವರದಿ" ಸಾಕಾಗುವುದಿಲ್ಲ. ಇಷ್ಟು ಗಂಟೆ ಓಡಿತು, ಇಷ್ಟು ಯೂನಿಟ್ ಬಂತು, ಹೊರಗಿನವರು ಅಳೆದರು, ಅಂಥದ್ದು ಬೇಕು.

ಕಂಪನಿಗೆ ಕೊಡುವ ಬದಲು ಗಿರಾಕಿಗೆ ಕೊಟ್ಟರೆ?

ಇದನ್ನು ಯಾರೂ ಕೇಳುವುದೇ ಇಲ್ಲ. ನಮ್ಮಲ್ಲೇ ಉದಾಹರಣೆ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಅನ್ನುವ ಸೋಲಾರ್ ಕಂಪನಿ ಶುರುವಾದಾಗ ಹಳ್ಳಿ ಮನೆಗೆ ಸೋಲಾರ್ ದೀಪ ಮಾರುವುದೇ ದೊಡ್ಡ ಸವಾಲು. ದೀಪ ಚೆನ್ನಾಗಿತ್ತು, ಕೊಳ್ಳುವವರ ಕೈಯಲ್ಲಿ ಒಟ್ಟಿಗೆ ಅಷ್ಟು ಹಣ ಇರಲಿಲ್ಲ. ಗ್ರಾಮೀಣ ಬ್ಯಾಂಕುಗಳು ಸೋಲಾರ್ ದೀಪಕ್ಕೆ ಸಾಲ ಕೊಡಲು ಒಪ್ಪಿದ ಮೇಲೆ ದಾರಿ ತೆರೆಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ಇಂಥ ಸಾಲಕ್ಕೆ ಬಡ್ಡಿ ಇಳಿಸುವ ಯೋಜನೆ ತಂದಿತು. ಶೇಕಡಾ 12ರ ಆಸುಪಾಸಿನ ಬಡ್ಡಿ 5ಕ್ಕೆ ಬಂತು. ಯಾವ ಕಂಪನಿಯ ದೀಪ ಅಂತ ಆರಿಸಿಕೊಂಡವರು ಮನೆಯವರೇ. ಕೆಟ್ಟ ದೀಪ ಮಾರಿದವನ ಹತ್ತಿರ ಯಾಕೆ ಹೋಗ್ತಾರೆ, ಅಲ್ವಾ? ಗೆಲ್ಲುವವರನ್ನು ವಿಧಾನಸೌಧದಲ್ಲಿ ಕೂತು ಆರಿಸುವ ಪಾಡೇ ಇಲ್ಲ. ವಸ್ತು ಸಿದ್ಧ ಇದೆ, ಕೊಳ್ಳುವ ಶಕ್ತಿ ಇಲ್ಲ ಅನ್ನುವ ಕಡೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ.

ಬಿಲ್ ಸಮಯಕ್ಕೆ ಪಾವತಿ ಆಗುತ್ತಾ?

ನನ್ನ ಗೆಳೆಯನೊಬ್ಬ ಮೆಣಸಿನಕಾಯಿ ಒಣಗಿಸುವ ಸೋಲಾರ್ ಡ್ರೈಯರ್ ಮಾಡುತ್ತಾನೆ. ಒಂದು ಇಲಾಖೆಗೆ ಆರು ಡ್ರೈಯರ್ ಕೊಟ್ಟ. ಬಿಲ್ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇಬ್ಬರು ಕೆಲಸದವರನ್ನು ಬಿಡಿಸಿದ್ದ, ಹೆಂಡತಿಯ ಒಡವೆ ಅಡವಿಟ್ಟಿದ್ದ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾನೂನೇ ಇದೆ. ಅವನಿಗೆ ಬೇಕಾಗಿದ್ದು ಅನುದಾನ ಅಲ್ಲ, ಮಾರಿದ ಮಾಲಿನ ದುಡ್ಡು. ಒಂದು ಕೈಯಲ್ಲಿ ನೆರವು ಘೋಷಿಸಿ ಇನ್ನೊಂದು ಕೈಯಲ್ಲಿ ಬಿಲ್ ಹಿಡಿದುಕೊಂಡರೆ ಆ ನೆರವಿಗೆ ಬೆಲೆ ಇಲ್ಲ.

ಕೆಟ್ಟು ನಿಂತ ದಿನ ಯಾರು ಬರುತ್ತಾರೆ?

ಸೋಲಾರ್ ದೀಪ ಹಾಕಿದ ವರ್ಷ ಫೋಟೋ, ಎರಡು ವರ್ಷಕ್ಕೆ ಬ್ಯಾಟರಿ ಸತ್ತು ಮೂಲೆಯಲ್ಲಿ. ಸಬ್ಸಿಡಿಯಲ್ಲಿ ಬಂದ ಎಷ್ಟೋ ಗೋಬರ್ ಗ್ಯಾಸ್ ಗುಂಡಿಗಳ ಕಥೆಯೂ ಇಷ್ಟೇ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೇರೆ ಥರ ಆಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಆಸ್ತ್ರ ತಂಡ ಅಲ್ಲಿ 1987ರಿಂದ ಸಗಣಿ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಊರಿಗೆ ನೀರು, ಮನೆಗಳಿಗೆ ದೀಪ ಕೊಟ್ಟಿತು. ಸಗಣಿ ತಂದವರಿಗೆ ತೂಕದ ಮೇಲೆ ಹಣ, ಗೊಬ್ಬರ ಅವರಿಗೇ ವಾಪಸ್. ದೀಪಕ್ಕೆ ತಿಂಗಳ ಬಾಡಿಗೆ. ನಡೆಸುವವರು ಊರಿನದೇ ಹುಡುಗರು. ಯಂತ್ರ ಕೊಳ್ಳಲು ಮಾತ್ರ ಹಣ ಕೊಡುವ ಯೋಜನೆ ಕಂಡರೆ, ನಡೆಸಲು ಎಷ್ಟು ಇಟ್ಟಿದ್ದೀರಿ ಅಂತ ಕೇಳಿ.

ಕೇಳುವುದು ಎಲ್ಲಿ?

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು, ಆದ್ದರಿಂದ ಭಾಷಣ ಬರೆಯಬೇಡಿ. ಎಲಿವೇಟ್ ಆದರೆ ಐಟಿ-ಬಿಟಿ ಇಲಾಖೆಗೆ, ಇಂಧನ ಯೋಜನೆ ಆದರೆ ಕ್ರೆಡಲ್‌ಗೆ (ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ). ಯಾವ ಸ್ಟಾರ್ಟಪ್‌ಗೆ ಎಷ್ಟು ಮಂಜೂರಾಯಿತು, ಯಾವ ದಿನಾಂಕದಂದು ಯಾವ ಕಂತು ಬಿಡುಗಡೆ ಆಯಿತು, ಆ ಕಂತಿಗೆ ಇಟ್ಟ ಶರತ್ತು ಏನು, ಇಷ್ಟೇ ಕೇಳಿ. ಕಂಪನಿಯ ವಿನ್ಯಾಸ, ತಂತ್ರಜ್ಞಾನ ಕೇಳಲು ಹೋಗಬೇಡಿ, ವ್ಯಾಪಾರದ ಗುಟ್ಟು ಅಂತ 8(1)(ಡಿ) ಕಲಂ ತೋರಿಸಿ ಇಡೀ ಅರ್ಜಿಯನ್ನೇ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಬೊಕ್ಕಸದಿಂದ ಹೊರಟ ಹಣದ ಮೊತ್ತ ಗುಟ್ಟಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಮುಂದಿನ 30 ದಿನದೊಳಗೆ. ಅರ್ಜಿಯ ಪ್ರತಿ, ಪೋಸ್ಟಿನ ರಸೀದಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ಮೇಲ್ಮನವಿಗೆ ಅವೇ ಬೇಕಾಗುವುದು.