ಅಪ್ರೆಂಟಿಸ್ ತರಬೇತಿಗೆ ಸೇರುವ ಮುನ್ನ: ಮೈಸೂರು, ಮಂಡ್ಯದ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ

ಹೂಟಗಳ್ಳಿ, ಹೆಬ್ಬಾಳ, ಮೇಟಗಳ್ಳಿಯ ಕಾರ್ಖಾನೆಗಳಲ್ಲಾಗಲಿ ಮಂಡ್ಯದ ತೂಬಿನಕೆರೆಯಲ್ಲಾಗಲಿ ‘ಟ್ರೈನಿಂಗ್’ ಎಂಬ ಒಂದೇ ಮಾತಿನಡಿ ಎರಡು ಬೇರೆ ಬೇರೆ ವ್ಯವಸ್ಥೆಗಳಿರಬಹುದು. ಒಂದು, 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾದ ಒಪ್ಪಂದದ ಮೇಲೆ ನಡೆಯುವ ತರಬೇತಿ. ಇನ್ನೊಂದು, ಗುತ್ತಿಗೆದಾರನ ಮೂಲಕ ‘ಟ್ರೈನಿ’ ಎಂಬ ಹೆಸರು ಕೊಟ್ಟು ಮಾಡಿಸಿಕೊಳ್ಳುವ ದಿನಗೂಲಿ. ಗೇಟಿನೊಳಗೆ ಕಾಲಿಡುವ ಮುನ್ನವೇ ನಿಮಗೆ ಸಿಗುತ್ತಿರುವುದು ಇವೆರಡರಲ್ಲಿ ಯಾವುದೆಂದು ಖಚಿತಪಡಿಸಿಕೊಳ್ಳಿ. ನೋಂದಣಿಯಿಲ್ಲದ ತರಬೇತಿಗೆ ಕಾಯ್ದೆಯ ರಕ್ಷಣೆ ಸಿಗದು. ವರ್ಷದ ಕೊನೆಗೆ ಸರ್ಕಾರದ ಪ್ರಮಾಣಪತ್ರವೂ ಬರದು.

ಐಟಿಐ ಮುಗಿಸಿದವರು ಕೇಂದ್ರ ಕೌಶಲಾಭಿವೃದ್ಧಿ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. 2016ರಲ್ಲಿ ಆರಂಭವಾದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆ ನಡೆಯುವುದು ಅದರ ಮೂಲಕವೇ. ಡಿಪ್ಲೊಮಾ ಮತ್ತು ಬಿಇ ಪದವೀಧರರಿಗೆ ಶಿಕ್ಷಣ ಸಚಿವಾಲಯದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್ ಇದ್ದು, ಕರ್ನಾಟಕದ ಮಟ್ಟಿಗೆ ಅದರ ಉಸ್ತುವಾರಿ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಯದು. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯು ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು ನಿಯಮವಿದೆ. ಅಂದರೆ ಅವರಿಗೂ ನೀವು ಬೇಕು. ಸೀಟು ಕೊಡಿಸುತ್ತೇನೆಂದು ಹಣ ಕೇಳುವ ಮಧ್ಯವರ್ತಿಯ ಅಗತ್ಯ ಇಲ್ಲಿಲ್ಲ.

ಅರ್ಜಿಯಲ್ಲಿ ಅತಿ ಹೆಚ್ಚು ತೊಡಕಾಗುವುದು ಹೆಸರಿನ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕೊನೆಗೆ ಬಂದ ಅಕ್ಷರ ಆಧಾರ್‌ನಲ್ಲಿ ಮೊದಲಿಗೆ ಬಂದಿದ್ದರೆ ಅಥವಾ ತಂದೆಯ ಪೂರ್ತಿ ಹೆಸರಾಗಿದ್ದರೆ, ಕೊನೆಯ ಸೆಮಿಸ್ಟರ್ ಮುಗಿಯುವುದರೊಳಗೇ ಸರಿಪಡಿಸಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿ, ಏಕೆಂದರೆ ಸ್ಟೈಪೆಂಡಿನಲ್ಲಿ, ಅಂದರೆ ತಿಂಗಳ ತರಬೇತಿ ಭತ್ಯೆಯಲ್ಲಿ, ಸರ್ಕಾರದ ಪಾಲು ನೇರವಾಗಿ ಅಲ್ಲಿಗೇ ಬರುತ್ತದೆ. ಡಿಪ್ಲೊಮಾ ಅಥವಾ ಪದವಿ ಮುಗಿದ ಮೇಲೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಎಲ್ಲಾದರೂ ಕೆಲಸ ಮಾಡಿದವರಿಗೆ ಈ ತರಬೇತಿಯ ಅರ್ಹತೆ ಇರುವುದಿಲ್ಲ. ‘ಸದ್ಯಕ್ಕೆ ಯಾವುದೋ ಒಂದು ಕೆಲಸ, ಆಮೇಲೆ ಅಪ್ರೆಂಟಿಸ್’ ಎಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ.

ಎಲ್ಲಿ ಸೇರಬೇಕು? ರೈಲ್ವೆ ವರ್ಕ್‌ಶಾಪ್ ಮೈಸೂರಿನ ಐಟಿಐ ವಿದ್ಯಾರ್ಥಿಗಳ ಹಳೆಯ ಆಸೆ. ರೈಲ್ವೆಯಲ್ಲಿ ಆಯ್ಕೆ ನಡೆಯುವುದು ಲಿಖಿತ ಪರೀಕ್ಷೆಯಿಂದಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯಿಂದ. ಅಲ್ಲಿ ತರಬೇತಿ ಪೂರೈಸಿದವರಿಗೆ ಮುಂದೆ ರೈಲ್ವೆಯ ಲೆವೆಲ್ 1 (ಮೊದಲ ಹಂತದ ವೇತನ ಶ್ರೇಣಿ) ನೇರ ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆಗಳು ಮೀಸಲಾಗಿವೆ. ಖಾಸಗಿ ಕಂಪನಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದೊಡ್ಡ ಹೆಸರಿನ ಅಸೆಂಬ್ಲಿ ಲೈನಿನಲ್ಲಿ ವರ್ಷವಿಡೀ ಒಂದೇ ಬೋಲ್ಟನ್ನು ಬಿಗಿಮಾಡುವುದಕ್ಕಿಂತ, ಹೆಬ್ಬಾಳದಲ್ಲಿ ಅಚ್ಚು, ಉಪಕರಣ ತಯಾರಿಸುವ ಒಂದು ಚಿಕ್ಕ ಟೂಲ್‌ರೂಮಿನಲ್ಲಿ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಮೂರನ್ನೂ ಮುಟ್ಟುವ ಅವಕಾಶ ಫಿಟ್ಟರ್ ಅಥವಾ ಟರ್ನರ್‌ಗೆ ಹೆಚ್ಚು ಕಲಿಸುತ್ತದೆ, ಮನೆಯವರಿಗೆ ಆ ಕಂಪನಿಯ ಹೆಸರು ಗೊತ್ತಿಲ್ಲದಿದ್ದರೂ ಸರಿ. ಸಂದರ್ಶನದಲ್ಲಿ ‘ನನ್ನನ್ನು ಯಾವ ಯಾವ ವಿಭಾಗಗಳಲ್ಲಿ, ಎಷ್ಟೆಷ್ಟು ತಿಂಗಳು ಹಾಕುತ್ತೀರಿ ಸರ್?’ ಎಂದು ಕೇಳಿ. ಮಂಡ್ಯದಿಂದ ರೈಲಿನ ಸೀಸನ್ ಪಾಸಿನಲ್ಲಿ ಓಡಾಡುವ ಯೋಚನೆಯಿದ್ದರೆ, ಬೆಳಗಿನ ಫಸ್ಟ್ ಶಿಫ್ಟಿನ ಸಮಯಕ್ಕೆ ತಲುಪುವ ರೈಲು ಇದೆಯೇ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ನೋಡಿ.

ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅದು ಪೋರ್ಟಲ್‌ನಲ್ಲಿ ದಾಖಲಾದ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. 2019ರ ನಿಯಮಗಳು ತಿಂಗಳಿಗೆ ಕನಿಷ್ಠ ಸ್ಟೈಪೆಂಡನ್ನು ಐಟಿಐಗೆ ₹7,000, ಡಿಪ್ಲೊಮಾಕ್ಕೆ ₹8,000, ಪದವೀಧರರಿಗೆ ₹9,000 ಎಂದು ನಿಗದಿಪಡಿಸಿದವು. ಸೇರುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲೇ ನೋಡಬೇಕು. ಆಯಾ ತಿಂಗಳ ಹಣ ಮುಂದಿನ ತಿಂಗಳ 10ರೊಳಗೆ ಕೈಸೇರಬೇಕು. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ, ಆದರೂ ಸುರಕ್ಷತೆ ಮತ್ತು ಗಾಯದ ಪರಿಹಾರದ ರಕ್ಷಣೆ ಅವನಿಗುಂಟು.

ತಯಾರಿಯ ಮಾತಿಗೆ ಬಂದರೆ, ಇಂಗ್ಲಿಷಿನ ಭಯಕ್ಕಿಂತ ಅಳತೆಯ ಅಜ್ಞಾನವೇ ಹೆಚ್ಚು ಹುಡುಗರನ್ನು ಹಿಂದೆ ಕಳಿಸುತ್ತದೆ. 0.02 ಮಿ.ಮೀ. ಲೀಸ್ಟ್ ಕೌಂಟಿನ (ಅಳೆಯಬಲ್ಲ ಅತಿ ಚಿಕ್ಕ ಅಳತೆಯ) ವರ್ನಿಯರ್ ಕೈಗೆ ಕೊಟ್ಟಾಗ ತಡವರಿಸದೆ ಓದಬೇಕು. ಡ್ರಾಯಿಂಗಿನಲ್ಲಿ 25 ಎಚ್7 ಎಂದಿದ್ದರೆ ಆ ರಂಧ್ರ 25.000ರಿಂದ 25.021 ಮಿ.ಮೀ. ಒಳಗಿರಬೇಕೆಂದು ತಿಳಿದಿರಬೇಕು, ನಮ್ಮಲ್ಲಿ ಬಳಕೆಯಲ್ಲಿರುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಎಂಬ ಚಿತ್ರಣ ಪದ್ಧತಿ ಆದ್ದರಿಂದ ಟಾಪ್ ವ್ಯೂ (ಮೇಲಿನಿಂದ ನೋಡಿದ ಚಿತ್ರ) ಫ್ರಂಟ್ ವ್ಯೂನ ಕೆಳಗೆ ಬರುತ್ತದೆಂಬುದು ನೋಡಿದ ಕೂಡಲೇ ಹೊಳೆಯಬೇಕು. ಎಲೆಕ್ಟ್ರಿಷಿಯನ್ ಆದರೆ, ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ಮೋಟಾರು ಲೈನಿನಿಂದ ಎಳೆಯುವ ಆರಂಭದ ಕರೆಂಟ್ ನೇರ ಸ್ಟಾರ್ಟಿನ ಮೂರನೇ ಒಂದು ಭಾಗಕ್ಕೆ ಇಳಿಯುವುದೇಕೆಂದು ಚಿತ್ರ ಬರೆದು ವಿವರಿಸುವಷ್ಟು ಅಭ್ಯಾಸ ಮಾಡಿ. ಉತ್ತರವನ್ನು ಕನ್ನಡದಲ್ಲೇ ಹೇಳಿದರೂ ಸೂಪರ್‌ವೈಸರ್ ಬಳಿ ನಡೆಯುತ್ತದೆ, ತಪ್ಪು ಉತ್ತರ ಮಾತ್ರ ಯಾವ ಭಾಷೆಯಲ್ಲೂ ನಡೆಯುವುದಿಲ್ಲ. ತಿರುಗುವ ಲೇತಿನ ಹತ್ತಿರ ಕೈಗವಸು, ಉದ್ದ ತೋಳು, ಕೈಯ ದಾರ ಯಾವುದೂ ಇರಬಾರದು. ಲೋಹದ ಚೂರನ್ನು ಬೆರಳಿನಿಂದ ಎಳೆಯದೆ ಕೊಕ್ಕೆಯಿಂದ ತೆಗೆಯುವ ಅಭ್ಯಾಸ ಕಾಲೇಜಿನಲ್ಲೇ ಆಗಲಿ.

ಸೇರಿದ ಮೇಲೆ ಪ್ರತಿದಿನ ಶಿಫ್ಟ್ ಮುಗಿದಾಗ ಒಂದು ನೋಟ್‌ಬುಕ್‌ನಲ್ಲಿ ಯಾವ ಯಂತ್ರ, ಯಾವ ಕೆಲಸ, ಏನು ಕೆಟ್ಟಿತು, ಹೇಗೆ ಸರಿಮಾಡಿದರು ಎಂದು ನಾಲ್ಕು ಸಾಲು ಬರೆಯಿರಿ. ತರಬೇತಿ ಮುಗಿದವರಿಗೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಮಾಲೀಕರಿಗಿಲ್ಲ, ಹಾಗಾಗಿ ಒಂಬತ್ತನೇ ತಿಂಗಳಿನಿಂದಲೇ ಬೇರೆಡೆ ಅರ್ಜಿ ಹಾಕಲು ಆರಂಭಿಸಬೇಕು; ಆಗ ಬಯೋಡೇಟಾದಲ್ಲಿ ‘ಒಂದು ವರ್ಷ ಅನುಭವ’ ಎಂಬ ಬರಿಯ ಸಾಲಿನ ಬದಲು ಯಂತ್ರದ ಹೆಸರು, ಮಾಡಿದ ಕೆಲಸ, ಕಾಯ್ದುಕೊಂಡ ಅಳತೆ ಬರೆಯಲು ಈ ನೋಟ್‌ಬುಕ್ಕೇ ಬೇಕಾಗುತ್ತದೆ. ಐಟಿಐನವರು ಕೊನೆಯ ಟ್ರೇಡ್ ಪರೀಕ್ಷೆಯನ್ನು ಬಿಡಬಾರದು, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುವುದು ಅದರಲ್ಲಿ ಉತ್ತೀರ್ಣರಾದವರಿಗೆ. ಕೊನೆಯ ದಿನ ಗೇಟ್ ಪಾಸ್ ಹಿಂದಿರುಗಿಸುವ ಮೊದಲು ಆ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಸೂಪರ್‌ವೈಸರ್ ಅವರ ಸಹಿ ಹಾಕಿಸಿಕೊಂಡು ಬನ್ನಿ.