ನೆಗ್ಗಿಲು ಮುಳ್ಳಿನ ದಾರಿಯಲ್ಲಿ ಸೈಕಲ್ಲಿನ ಗಾಳಿ

ಸೈಕಲ್ ಅಂಗಡಿಯ ಯಜಮಾನರು ಪಂಪಿನ ಕ್ಲಿಪ್ಪನ್ನು ಮೂರು ಸಲ ಸಿಕ್ಕಿಸಿದರು. ಮೂರು ಸಲವೂ ಗಾಳಿ ಪಕ್ಕದಿಂದ ಬುಸ್ಸೆಂದು ಹೊರಗೆ ಹೋಯಿತು. ನಾಲ್ಕನೆಯ ಸಲ ಕ್ಲಿಪ್ಪನ್ನು ಎಳೆದಾಗ ವಾಲ್ವಿನ ತುದಿಯ ಸಣ್ಣ ಪಿನ್ನು ಬಾಗಿ ನಿಂತಿತು. "ಮೇಷ್ಟ್ರೇ, ಈ ಮೂತಿಗೆ ನಮ್ಮಲ್ಲಿ ಮದ್ದಿಲ್ಲ" ಎಂದು ಅವರು ಬೇಸರದಿಂದಲೇ ಹೇಳಿದರು. ಅಂದು ಸೈಕಲ್ ತಳ್ಳಿಕೊಂಡು ಆರು ಕಿಲೋಮೀಟರ್ ನಡೆದೆ. ಮೊದಲ ಗಂಟೆಯ ಪಾಠ ತಪ್ಪಿತು.

ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕ. ಮನೆಯಿಂದ ಶಾಲೆಗೆ 11 ಕಿ.ಮೀ. ದಾರಿಯ ಇಕ್ಕೆಲಗಳಲ್ಲಿ ಬಳ್ಳಾರಿ ಜಾಲಿ, ನೆಲದಲ್ಲಿ ನೆಗ್ಗಿಲು. ಮಳೆಗಾಲದಲ್ಲಿ ಹಳದಿ ಹೂ ಬಿಟ್ಟುಕೊಂಡು ಸಾಧುವಾಗಿ ಹಬ್ಬುವ ಈ ನೆಗ್ಗಿಲು, ಮಳೆ ನಿಂತ ಮೇಲೆ ಒಣಗಿ ಕಾಯಿ ಉದುರಿಸುತ್ತದೆ. ಕಾಯಿ ಒಡೆದು ಬಿದ್ದ ಚೂರು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನೋಡುತ್ತಿರುತ್ತದೆ. ಇಂತಹ ದಾರಿಗೆ ನಾನು ಕೊಂಡದ್ದು ತೆಳುವಾದ ಪ್ರೆಸ್ಟಾ ವಾಲ್ವಿನ ಹೈಬ್ರಿಡ್ ಸೈಕಲ್. ಕೊಳ್ಳುವಾಗ ಗೇರು ನೋಡಿದೆ, ಬ್ರೇಕು ನೋಡಿದೆ, ವಾಲ್ವ್ ನೋಡಲಿಲ್ಲ.

ನಮ್ಮಲ್ಲಿ ಓಡಾಡುವ ಸೈಕಲ್ಲುಗಳಲ್ಲಿ ಮೂರು ಬಗೆಯ ವಾಲ್ವ್ ಕಾಣುತ್ತವೆ. ಅಪ್ಪನ 28 ಇಂಚಿನ ಸೈಕಲ್ಲಿನಲ್ಲಿರುವುದು ಡನ್ಲಪ್ ಅಥವಾ ವುಡ್ಸ್ ಎನ್ನುವ ಹಳೆಯ ಬಗೆ. ಅದನ್ನು ಬಿಚ್ಚಿದರೆ ಒಳಗೊಂದು ಲೋಹದ ಕಡ್ಡಿ, ಅದರ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು, ತೂತನ್ನು ಮುಚ್ಚಿಕೊಂಡ ಸಣ್ಣ ರಬ್ಬರ್ ಕೊಳವೆ. ಅದೇ ನಾವೆಲ್ಲ ಬಲ್ಲ ವಾಲ್‌ಟ್ಯೂಬ್. ಪಂಪಿನ ಗಾಳಿ ಆ ರಬ್ಬರನ್ನು ಹಿಗ್ಗಿಸಿ ಒಳಗೆ ನುಗ್ಗುತ್ತದೆ. ಒಳಗಿನ ಗಾಳಿ ಅದೇ ರಬ್ಬರನ್ನು ತೂತಿಗೆ ಒತ್ತಿ ಬಾಗಿಲು ಹಾಕುತ್ತದೆ. ಎರಡು ಬೆರಳು ಉದ್ದದ ರಬ್ಬರ್ ಇದ್ದರೆ ರಿಪೇರಿ ಮುಗಿಯಿತು. ಆದರೆ ಪ್ರತಿ ಒತ್ತಿಗೂ ರಬ್ಬರನ್ನು ಹಿಗ್ಗಿಸಬೇಕಾದ್ದರಿಂದ ಗಾಳಿ ಹೊಡೆಯುವುದು ಭಾರ, ಟಯರಿನೊಳಗಿನ ಒತ್ತಡವನ್ನು ಮೀಟರಿನಲ್ಲಿ ಸರಿಯಾಗಿ ಓದಲೂ ಆಗುವುದಿಲ್ಲ. ಬಿಸಿಲಿಗೆ ಆ ರಬ್ಬರ್ ಬಿರುಕು ಬಿಡುತ್ತದೆ.

ಎರಡನೆಯದು ಶ್ರೇಡರ್, ಅಂದರೆ ಬೈಕು ಕಾರುಗಳ ದಪ್ಪ ವಾಲ್ವ್. ಸ್ಪ್ರಿಂಗ್ ಇರುವ ಪಿನ್ನು ಇದರ ಜೀವ. ಮೂರನೆಯದು ಪ್ರೆಸ್ಟಾ. ಇದರಲ್ಲಿ ಸ್ಪ್ರಿಂಗ್ ಇಲ್ಲ, ಒಳಗಿನ ಗಾಳಿಯೇ ಅದನ್ನು ಮುಚ್ಚಿ ಹಿಡಿಯುತ್ತದೆ. ತುದಿಯ ಪುಟ್ಟ ನಟ್ಟನ್ನು ತಿರುಗಿಸಿ ಸಡಿಲಿಸದಿದ್ದರೆ ಗಾಳಿ ಒಳಗೆ ಹೋಗದು. ರೇಸ್ ಸೈಕಲ್ಲಿನ ಕಿರಿದಾದ ರಿಮ್ಮಿಗೆ ಇದು ಸರಿಯಾದ ವಾಲ್ವ್. ಅಲ್ಲಿ ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ದಾರಿಯದ್ದು. ನಮ್ಮ ಹಾದಿಯಲ್ಲಿ ಪೆಟ್ರೋಲ್ ಬಂಕ್ ಇದೆ, ಬೈಕಿಗೆ ಪಂಚರ್ ಹಾಕುವ ಎರಡು ಅಂಗಡಿಗಳಿವೆ; ಮೂರರಲ್ಲೂ ಇರುವುದು ಶ್ರೇಡರ್ ಮೂತಿ. ಯಾವ ವಾಲ್ವ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ನಿಮ್ಮ ದಾರಿಯಲ್ಲಿ ಯಾರ ಬಳಿ ಯಾವ ಗಾಳಿ ಸಿಗುತ್ತದೆ ಎಂದು.

ತಕ್ಷಣಕ್ಕೆ ಮಾಡಿದ ಉಪಾಯ ಹಿತ್ತಾಳೆಯ ಅಡಾಪ್ಟರ್. ಬೆರಳ ತುದಿಯಷ್ಟಿರುವ ಅದನ್ನು ಪ್ರೆಸ್ಟಾದ ಮೇಲೆ ತಿರುಗಿಸಿ ಕೂರಿಸಿದರೆ ಬಂಕಿನ ಗಾಳಿ ಹಿಡಿಯುತ್ತದೆ. ಎರಡನ್ನು ಕೊಂಡು ಒಂದನ್ನು ಬ್ಯಾಗಿನಲ್ಲಿ, ಇನ್ನೊಂದನ್ನು ಬೀಗದ ಕೈ ಗೊಂಚಲಿನಲ್ಲಿ ಇಟ್ಟುಕೊಂಡೆ. ಟ್ಯೂಬನ್ನೇ ಬದಲಿಸೋಣ ಎಂದರೆ ರಿಮ್ಮಿನ ತೂತು ಅಡ್ಡ ಬಂತು. ಪ್ರೆಸ್ಟಾಕ್ಕೆ 6.5 ಮಿ.ಮೀ. ತೂತು ಸಾಕು, ಶ್ರೇಡರ್‌ಗೆ 8.5 ಮಿ.ಮೀ. ಬೇಕು. ಡ್ರಿಲ್ ಹೊಡೆದು ದೊಡ್ಡದು ಮಾಡಿಸಿ ಎಂದವರಿದ್ದರು. ರಿಮ್ಮಿನ ಬಲ ಕಳೆದೀತು, ಚೂಪಾದ ಅಂಚು ಟ್ಯೂಬನ್ನೇ ಕೊಯ್ದೀತು ಎಂದು ನಾನು ಒಪ್ಪಲಿಲ್ಲ. ಮುಂದೆ ಗುಂಡಿಗೆ ಬಿದ್ದು ಹಿಂದಿನ ರಿಮ್ ಸೊಟ್ಟಗಾದಾಗ, ಹೊಸದನ್ನು ಶ್ರೇಡರ್ ತೂತಿನದೇ ನೋಡಿ ಹಾಕಿಸಿದೆ. ಸ್ವಲ್ಪ ದಿನದಲ್ಲಿ ಮುಂದಿನದನ್ನೂ ಬದಲಿಸಿದೆ.

ಪಂಪಿನ ವಿಷಯದಲ್ಲಿ ಒಂದು ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬಂತು. ನನ್ನ 32 ಮಿ.ಮೀ. ಟಯರಿಗೆ ಹಿಂದೆ 65, ಮುಂದೆ 55 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ) ಇಡುತ್ತೇನೆ; ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯೊಳಗೇ ಇದು ಬರುತ್ತದೆ. 65 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 4.6 ಕೆ.ಜಿ. ಪಂಪಿನ ಕೊಳವೆಯ ಒಳವ್ಯಾಸ 3 ಸೆಂ.ಮೀ. ಇದ್ದರೆ ಕೊನೆಯ ಒತ್ತುಗಳಿಗೆ 32 ಕೆ.ಜಿ.ಯಷ್ಟು ಭಾರ ಹಾಕಬೇಕು, 2 ಸೆಂ.ಮೀ. ಇದ್ದರೆ 14 ಕೆ.ಜಿ. ಸಾಕು, ಆದರೆ ಎರಡು ಪಟ್ಟಿಗೂ ಹೆಚ್ಚು ಸಲ ಒತ್ತಬೇಕು. ಆದ್ದರಿಂದ ಮನೆಗೆ ಮೀಟರ್ ಇರುವ, ನೆಲದ ಮೇಲೆ ನಿಲ್ಲಿಸಿ ಎರಡೂ ಕೈಯಿಂದ ಒತ್ತುವ ದಪ್ಪ ಪಂಪು. ಬ್ಯಾಗಿಗೆ ಸಣ್ಣ ಕೊಳವೆಯ ಕೈಪಂಪು. ಕೈಪಂಪಿಗೆ ಮೆದುವಾದ ಚಿಕ್ಕ ಪೈಪು ಇರಲೇಬೇಕು ಎನ್ನುತ್ತೇನೆ. ನೇರವಾಗಿ ವಾಲ್ವಿಗೆ ಸಿಕ್ಕಿಸುವ ಪಂಪು ಕೈ ಅಲುಗಿದಂತೆಲ್ಲ ವಾಲ್ವನ್ನೂ ಅಲುಗಿಸಿ, ಅದರ ಬುಡದಲ್ಲಿ ಟ್ಯೂಬನ್ನು ಹರಿಯುತ್ತದೆ. ಆ ಜಾಗಕ್ಕೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಎಸೆಯಬೇಕಾಗುತ್ತದೆ. ಗ್ಯಾಸ್ ತುಂಬಿದ ಸಣ್ಣ ಸಿಲಿಂಡರನ್ನು ಒಮ್ಮೆ ನೋಡಿದೆ. ಆ ಇಂಗಾಲದ ಡೈಆಕ್ಸೈಡು ರಬ್ಬರಿನಿಂದ ಬೇಗ ಸೋರಿಹೋಗುತ್ತದೆ, ಮಾರನೆಯ ದಿನ ಮತ್ತೆ ಗಾಳಿ ಹೊಡೆಯಬೇಕು.

ಅಪ್ಪನ ಕಾಲದ ಕಬ್ಬಿಣದ ಪಂಪು ಗಾಳಿ ಹಿಡಿಯುತ್ತಿರಲಿಲ್ಲ. ಬಿಚ್ಚಿದರೆ ಒಳಗಿನ ಬಟ್ಟಲಿನಾಕಾರದ ಚರ್ಮದ ವಾಷರ್ ಒಣಗಿ ಕಲ್ಲಾಗಿತ್ತು. ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಹೊರಕ್ಕೆ ಅರಳಿಸಿ ಹಾಕಿದೆ. ಈಗ ಶಾಲೆಯಲ್ಲಿ ಕೆಲಸ ಮಾಡುತ್ತಿರುವುದು ಅದೇ ಪಂಪು.

ಪಂಚರ್ ಹಾಕುವಾಗ ನಾನು ತಪ್ಪದೆ ಪಾಲಿಸುವ ಒಂದು ಪದ್ಧತಿ ಇದೆ. ಟಯರ್ ಕೂರಿಸುವಾಗಲೇ ಅದರ ಹೆಸರು ಅಚ್ಚಾದ ಜಾಗವನ್ನು ವಾಲ್ವಿನ ನೇರಕ್ಕೆ ತರುತ್ತೇನೆ. ಟ್ಯೂಬಿನ ತೂತು ವಾಲ್ವಿನಿಂದ ಒಂದು ಗೇಣು ದೂರದಲ್ಲಿ ಸಿಕ್ಕರೆ, ಟಯರಿನಲ್ಲೂ ಹೆಸರಿನಿಂದ ಆಚೀಚೆ ಒಂದು ಗೇಣಿನಲ್ಲೇ ಮುಳ್ಳು ಇರುತ್ತದೆ. ಬೆರಳಿಗೆ ಹಳೆಯ ಬಟ್ಟೆ ಸುತ್ತಿ ಟಯರಿನ ಒಳಗೆ ಸವರುತ್ತೇನೆ, ಮುಳ್ಳು ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನೆಗ್ಗಿಲಿನ ತುದಿ ಮುರಿದು ರಬ್ಬರಿನೊಳಗೇ ಕುಳಿತಿರುತ್ತದೆ. ಉಗುರುಕಟರಿನಿಂದ ಹಿಡಿದು ಒಳಗಿನಿಂದ ಎಳೆದರೆ ಬರುತ್ತದೆ. ಒಂದು ಸಿಕ್ಕಿತೆಂದು ನಿಲ್ಲಬಾರದು. ಒಂದು ಸಂಜೆ ಒಂದೇ ಟಯರಿನಲ್ಲಿ ಒಂಬತ್ತು ತೆಗೆದಿದ್ದೇನೆ. ಟ್ಯೂಬಿನಲ್ಲಿ ಅಕ್ಕಪಕ್ಕ ಜೋಡಿ ಸೀಳು ಕಂಡರೆ ಮುಳ್ಳು ಹುಡುಕುವುದು ಬೇಡ. ಗಾಳಿ ಕಡಿಮೆಯಾಗಿ ಟ್ಯೂಬು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಜಜ್ಜಿಹೋಗಿದೆ ಎಂದೇ ಅರ್ಥ.

ಪ್ಯಾಚ್ ಕಿತ್ತುಬರುವುದು ಹೆಚ್ಚಾಗಿ ಆತುರದಿಂದ. ಟ್ಯೂಬಿನ ಮೇಲಿನ ಹೊಳಪು ಹೋಗಿ ಬೂದಿ ಬಣ್ಣ ಬರುವವರೆಗೆ, ಪ್ಯಾಚಿಗಿಂತ ಅಗಲವಾಗಿ ಉಜ್ಜಬೇಕು. ಸಲ್ಯೂಷನ್ ತೆಳುವಾಗಿ ಹಚ್ಚಿ ಐದು ನಿಮಿಷ ಕಾಯಬೇಕು. ಹಸಿಯಾಗಿರುವಾಗ ಅಂಟಿಸಿದರೆ ಜಾರುತ್ತದೆ. ಒಣಗಿದ ಮೇಲೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಬೇಕು. ಮೇಲೆ ಚಿಟಿಕೆ ಪೌಡರ್ ಉದುರಿಸಿದರೆ ಟಯರಿಗೆ ಅಂಟುವುದಿಲ್ಲ. ಸಲ್ಯೂಷನ್ನಿನ ಟ್ಯೂಬು ಒಮ್ಮೆ ತೆರೆದರೆ ಮುಚ್ಚಳ ಬಿಗಿದಿದ್ದರೂ ತಿಂಗಳುಗಳಲ್ಲಿ ಒಣಗುತ್ತದೆ. ಬ್ಯಾಗಿನಲ್ಲಿ ಯಾವಾಗಲೂ ತೆರೆಯದ ಒಂದನ್ನು ಇಡುತ್ತೇನೆ. ಸಲ್ಯೂಷನ್ ಬೇಡದ ಸ್ಟಿಕ್ಕರ್ ಪ್ಯಾಚುಗಳು ನಮ್ಮ ಏಪ್ರಿಲ್ ಬಿಸಿಲಿಗೆ ನನ್ನಲ್ಲಿ ನಿಲ್ಲಲಿಲ್ಲ.

ಟ್ಯೂಬಿನೊಳಗೆ ಹಾಕಿದರೆ ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವವನ್ನು ಎರಡು ವರ್ಷ ಬಳಸಿದೆ. ನೆಗ್ಗಿಲಿನ ಸಣ್ಣ ತೂತನ್ನು ಅದು ಚೆನ್ನಾಗಿ ಮುಚ್ಚುತ್ತದೆ. ಜಾಲಿ ಮುಳ್ಳಿನ ದೊಡ್ಡ ತೂತಿನಲ್ಲಿ ಹಾಲಿನಂತೆ ಚಿಮ್ಮಿ ಚಡ್ಡಿ, ಬ್ಯಾಗು ಎಲ್ಲವನ್ನೂ ತೋಯಿಸಿತು. ಆ ಅಂಟಿನ ಮೇಲೆ ಪ್ಯಾಚ್ ಹತ್ತಲಿಲ್ಲ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕಾಯಿತು. ಬೇಸಿಗೆಯಲ್ಲಿ ದ್ರವ ಬೇಗ ಆರಿ ಒಳಗೆ ಗಂಟುಕಟ್ಟುತ್ತದೆ. ಈಗ ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ ಹಾಕುತ್ತೇನೆ. ಇದಕ್ಕಿಂತ ಹೆಚ್ಚು ನೆರವಾದದ್ದು ಹಳೆಯ ಉಪಾಯ: ಹಾಳಾದ ಟ್ಯೂಬನ್ನು ಉದ್ದಕ್ಕೆ ಸೀಳಿ ಟಯರಿಗೂ ಟ್ಯೂಬಿಗೂ ನಡುವೆ ಪಟ್ಟಿಯಂತೆ ಹಾಸುವುದು. ಸೈಕಲ್ ತುಸು ಭಾರವಾಗುತ್ತದೆ, ಆದರೆ ವಾರಕ್ಕೆರಡು ಆಗುತ್ತಿದ್ದ ಪಂಚರ್ ತಿಂಗಳಿಗೆ ಒಂದಕ್ಕೆ ಇಳಿಯಿತು.

ಶಾಲೆಗೆ ಬರುವ ಮಕ್ಕಳ ಸೈಕಲ್ಲುಗಳಲ್ಲಿ ಹಲವು, 2006–07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯವರಿಗೆ ಸಿಕ್ಕವು. ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಬಂದವು. ಅವುಗಳಲ್ಲಿ ಇರುವುದು ವಾಲ್‌ಟ್ಯೂಬಿನ ವಾಲ್ವ್. ಸ್ಟಾಫ್ ರೂಮಿನ ಕಿಟಕಿಯಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ: ಒಂದು ಗಜ ವಾಲ್‌ಟ್ಯೂಬ್, ಕತ್ತರಿ, ಪ್ಯಾಚು, ಪಕ್ಕದಲ್ಲಿ ಅಪ್ಪನ ಪಂಪು. ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗಾಳಿ ಇಳಿದ ಚಕ್ರ ತೋರಿಸಿ, "ಪಂಚರ್ ಅಲ್ಲ ಸರ್, ವಾಲ್‌ಟ್ಯೂಬ್ ಹೋಗಿದೆ" ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಬೆರಳಿಗೆ ಎಂಜಲು ಹಚ್ಚಿಕೊಂಡು ವಾಲ್ವಿನ ಬಾಯಿಗೆ ಸವರಿದಳು. ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು, ಉಬ್ಬಿ, ಒಡೆಯಿತು. ಪ್ರಾರ್ಥನೆಯ ಗಂಟೆ ಹೊಡೆಯುವಷ್ಟರಲ್ಲಿ ಹೊಸ ರಬ್ಬರ್ ಹಾಕಿ ಗಾಳಿ ಹೊಡೆದು ಮುಗಿಸಿದ್ದಳು.