ಹಳೇ ಮನೆ ಮೇಲೆ ಇನ್ನೊಂದು ಮಹಡಿ ಏರಿಸುವ ಮುಂಚೆ ಏನೇನು ನೋಡಬೇಕು?

ಹಾಸನದಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಒಂದಲ್ಲ ಒಂದು ಮನೆ ತಾರಸಿ ಮೇಲೆ ಸೆಂಟ್ರಿಂಗ್ ಕೆಲಸ ನಡೆಯುತ್ತಿರುತ್ತದೆ. ಕೆಳಗೆ ನಾವಿರೋಣ, ಮೇಲಿನದನ್ನು ಬಾಡಿಗೆಗೆ ಕೊಡೋಣ ಅನ್ನುವ ಲೆಕ್ಕ. ಚಿಕ್ಕಮಗಳೂರು ಕಡೆ ಆದರೆ ಹೋಂಸ್ಟೇಗೆ ಅಂತ ನಾಲ್ಕು ರೂಮು ಜಾಸ್ತಿ. ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಮೇಸ್ತ್ರಿಯನ್ನು ಕರೆಸಿ ಚದರಕ್ಕೆ ಎಷ್ಟಾಗುತ್ತೆ ಅಂತ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಮೇಲೆ ಹಾಕುವ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತೆ?

ಭಾರ ಅಂದರೆ ಎಷ್ಟು ಗೊತ್ತಾ? ಹತ್ತು ಚದರದ ಮನೆಗೆ ಐದಿಂಚು ದಪ್ಪದ ಮೋಲ್ಡಿಂಗ್ ಹಾಕಿದರೆ ಅದೊಂದೇ ಹತ್ತಿರ ಹತ್ತಿರ 30 ಟನ್. ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆಯನ್ನು 10 ಅಡಿ ಎತ್ತರಕ್ಕೆ ಕಟ್ಟಿದರೆ ಉದ್ದಕ್ಕೆ ಪ್ರತಿ ಅಡಿಗೆ ಸುಮಾರು 300 ಕೆಜಿ. ಸಾವಿರ ಲೀಟರ್ ಟ್ಯಾಂಕ್ ತುಂಬಿದರೆ ಮತ್ತೊಂದು ಟನ್. ಟೈಲ್ಸು, ಪ್ಲಾಸ್ಟರು, ಸಾಮಾನು, ಜನ ಎಲ್ಲ ಇದರ ಮೇಲೆ.

ಗೋಡೆ ಹೊರುತ್ತಾ, ಪಿಲ್ಲರ್ ಹೊರುತ್ತಾ?

ಮೊದಲು ಇದನ್ನು ಪತ್ತೆ ಮಾಡಿ. ಹಳೇ ಮನೆಗಳಲ್ಲಿ ಗೋಡೆಯೇ ಭಾರ ಹೊರುವುದು. ಹಳೇಬೀಡಿನಿಂದ ಹಿಡಿದು ನಮ್ಮಜ್ಜಂದಿರ ತೊಟ್ಟಿ ಮನೆವರೆಗೆ ಇದ್ದದ್ದು ಇದೇ ಲೆಕ್ಕ. ಕಲ್ಲು ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತೆ, ಬಗ್ಗಿಸಿದರೆ ಮುರಿಯುತ್ತೆ. ಅದಕ್ಕೇ ಹೊಯ್ಸಳರ ದೇವಸ್ಥಾನಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ನಿಂತಿರುವುದು. ಶೆಟ್ಟಿಹಳ್ಳಿ ಚರ್ಚ್ ನೋಡಿದ್ದೀರಲ್ವಾ? 1860ರ ದಶಕದ್ದು. ಗೊರೂರು ಅಣೆಕಟ್ಟಿನ ಹಿನ್ನೀರು ತುಂಬಿದಾಗಲೆಲ್ಲ ನೀರಲ್ಲಿ ನಿಲ್ಲುವ ಆ ಗೋಡೆಗಳಿಗೆ ಒಳಗೆ ಕಂಬಿಯ ಆಧಾರವಿಲ್ಲ. ಅಷ್ಟೆತ್ತರಕ್ಕೆ ನಿಂತಿದ್ದು ಗೋಡೆಯ ದಪ್ಪ ಮತ್ತು ಕಮಾನಿನ ಬಲದ ಮೇಲೆ.

ಈ ಪದ್ಧತಿಯಲ್ಲಿ ಎಷ್ಟು ಎತ್ತರ ಹೋಗಬಹುದು ಅನ್ನುವುದಕ್ಕೆ ಷಿಕಾಗೋದ ಮೊನಾಡ್ನಾಕ್ ಕಟ್ಟಡ ಒಳ್ಳೇ ಉದಾಹರಣೆ. 1891ರಲ್ಲಿ ಮುಗಿದ ಅದರ ಹಳೇ ಭಾಗ 16 ಮಹಡಿ, ಬುಡದಲ್ಲಿ ಗೋಡೆ ಆರಡಿ ದಪ್ಪ! ಕೆಳಗೆ ಬಾಡಿಗೆಗೆ ಕೊಡುವ ಜಾಗವನ್ನೆಲ್ಲ ಗೋಡೆಯೇ ನುಂಗುತ್ತೆ. ಸಾಲದ್ದಕ್ಕೆ ಎಂಜಿನಿಯರುಗಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಅದು ಮಣ್ಣಿನೊಳಗೆ ಕುಸಿಯಿತು. ಅದೇ ಊರಲ್ಲಿ 1885ರಲ್ಲೇ ವಿಲಿಯಂ ಜೆನ್ನಿ ಹತ್ತು ಮಹಡಿಯ ಹೋಂ ಇನ್ಶೂರೆನ್ಸ್ ಕಟ್ಟಡದ ಭಾರವನ್ನು ಬಹುಪಾಲು ಕಬ್ಬಿಣ, ಉಕ್ಕಿನ ಚೌಕಟ್ಟಿನ ಮೇಲೆ ಹೊರಿಸಿದ್ದರು. 1903ರಲ್ಲಿ ಸಿನ್ಸಿನಾಟಿಯ ಇಂಗಾಲ್ಸ್ ಕಟ್ಟಡ ಕಂಬಿ ಹಾಕಿದ ಕಾಂಕ್ರೀಟಿನಲ್ಲೇ 16 ಮಹಡಿ ಏರಿತು. ಇವತ್ತು ನಮ್ಮ ಬೀದಿಯಲ್ಲಿ ಪಿಲ್ಲರ್, ಬೀಮು, ಮೋಲ್ಡಿಂಗ್ ಅಂತ ಕಟ್ಟುವುದೂ ಅದೇ ಜಾತಿಯ ಕಟ್ಟಡ.

ಈಗ ನಿಮ್ಮ ಮನೆಗೆ ಬನ್ನಿ. ಒಳಗಿನ ಗೋಡೆಗಳೂ ಒಂಬತ್ತಿಂಚು ಅಥವಾ ಅದಕ್ಕಿಂತ ದಪ್ಪ ಇದ್ದು, ಮೋಲ್ಡಿಂಗ್ ಕೆಳಗೆ ಎಲ್ಲೂ ಬೀಮು ಕಾಣದಿದ್ದರೆ ಗೋಡೆಯೇ ಭಾರ ಹೊರುತ್ತಿರುವ ಸಾಧ್ಯತೆ ಜಾಸ್ತಿ. ಹೊರಗಿನ ಮೂಲೆಯಲ್ಲಿ ಅಂಗೈಯಷ್ಟು ಪ್ಲಾಸ್ಟರ್ ಕೆತ್ತಿಸಿ. ಕಾಂಕ್ರೀಟ್ ಸಿಕ್ಕರೆ ಅಲ್ಲಿ ಪಿಲ್ಲರ್ ಇದೆ. ಇಟ್ಟಿಗೆಯೋ ಕಲ್ಲೋ ಸಿಕ್ಕರೆ ಸಂದಿನ ಗಾರೆಯನ್ನು ಒಂದು ಮೊಳೆಯಿಂದ ಕೆರೆದು ನೋಡಿ. ಸಿಮೆಂಟ್ ಆದರೆ ಸುಲಭಕ್ಕೆ ಬರುವುದಿಲ್ಲ. ಪುಡಿಪುಡಿಯಾಗಿ ಕೆಂಪು ಮಣ್ಣು ಉದುರಿದರೆ ಅದು ಮಣ್ಣಿನ ಗಾರೆ. ಅಂಥ ಗೋಡೆ ಮೇಲೆ ಮೋಲ್ಡಿಂಗ್ ಮಹಡಿಯ ಆಸೆ ಬಿಟ್ಟುಬಿಡಿ, ಯಾರು ಏನೇ ಹೇಳಲಿ.

ಸಿಮೆಂಟ್ ಗಾರೆಯ ಗಟ್ಟಿ ಗೋಡೆಯಾದರೆ ದಾರಿ ಇದೆ, ಆದರೆ ಎಂಜಿನಿಯರ್ ಲೆಕ್ಕ ಹಾಕಿ ಒಪ್ಪಬೇಕು, ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರಬೇಕು, ಕೆಳಗೆ ಅಂಗಡಿ ಮಾಡೋಣ ಅಂತ ಮುಂದಿನ ಗೋಡೆ ಒಡೆದು ಷಟರ್ ಕೂರಿಸುವ ಯೋಚನೆ ಅಂತೂ ಬೇಡವೇ ಬೇಡ. ಎಂಜಿನಿಯರ್ ಒಪ್ಪದಿದ್ದರೆ ಮೇಲೆ ಶೀಟಿನ ಹಗುರ ಚಾವಣಿ ಹಾಕಬಹುದು. ಅಥವಾ ಜಾಗ ಇದ್ದರೆ ಹಳೇ ಮನೆಯ ಹೊರಗೆ ಹೊಸ ಫೂಟಿಂಗ್ (ಪಿಲ್ಲರಿನ ಪಾಯ) ತೆಗೆಸಿ, ಅದರದೇ ಪಿಲ್ಲರ್ ಮೇಲೆ ಮಹಡಿ ನಿಲ್ಲಿಸಬಹುದು. ಖರ್ಚು ಬರುತ್ತೆ. ಹಳೇ ಗೋಡೆ ಬಿರುಕು ಬಿಟ್ಟ ಮೇಲೆ ಆಗುವ ಖರ್ಚಿಗಿಂತ ಕಡಿಮೆ.

ಪಿಲ್ಲರ್ ಮನೆಯಾದರೆ

ಪಿಲ್ಲರ್ ಇದೆ ಅಂದ ಮಾತ್ರಕ್ಕೆ ಮೂರು ಮಹಡಿ ತಡೆಯುತ್ತೆ ಅಂತಲ್ಲ. ಹಳೇ ಡ್ರಾಯಿಂಗ್ ಹುಡುಕಿ. ಫೂಟಿಂಗ್ ಎಷ್ಟು ಮಹಡಿಗೆ ಲೆಕ್ಕ ಹಾಕಿದ್ದು ಅಂತ ಅದರಲ್ಲಿರಬೇಕು. ಡ್ರಾಯಿಂಗ್ ಇಲ್ಲದಿದ್ದರೆ ಒಂದು ಪಿಲ್ಲರ್ ಪಕ್ಕ ಮಾತ್ರ, ಮಳೆ ಇಲ್ಲದ ದಿನ, ಫೂಟಿಂಗಿನ ಅಂಚು ಕಾಣುವವರೆಗೆ ಗುಂಡಿ ತೆಗೆಸಿ. ಅದರ ಅಡಿಗೆ ಕೈ ಹಾಕಬೇಡಿ. ಉದ್ದಗಲ ಅಳೆಯಿರಿ, ಮಣ್ಣು ನೋಡಿ, ಫೋಟೋ ತೆಗೆದು ಮುಚ್ಚಿಸಿ. ಸೈಟು ಮೊದಲು ಗದ್ದೆಯಾಗಿತ್ತಾ, ಕೆರೆ ಬಯಲಾಗಿತ್ತಾ, ಮಣ್ಣು ತುಂಬಿಸಿದ್ದಾ ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳಿ. ಬಹಳ ಸಲ ಅವರ ನೆನಪಲ್ಲಿ ಇರುವುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಕಾಂಕ್ರೀಟಿನ ಗಟ್ಟಿತನ ನೋಡಲು ರಿಬೌಂಡ್ ಹ್ಯಾಮರ್ ಟೆಸ್ಟ್ ಇದೆ, ಗೋಡೆ ಒಡೆಯಬೇಕಿಲ್ಲ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿ.

ಇನ್ನು ತಾರಸಿ ಮೇಲೆ ಮುಂದೆ ಬೇಕಾಗುತ್ತೆ ಅಂತ ಬಿಟ್ಟ ಕಂಬಿಗಳು. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ನಾಲ್ಕೈದು ವರ್ಷ ಬೆತ್ತಲೆ ನಿಂತ ಕಂಬಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. ಬರೀ ಕೆಂಪು ಪುಡಿ ಬಂದು ಒಳಗೆ ಗಟ್ಟಿ ಕಂಬಿ ಸಿಕ್ಕರೆ ಚಿಂತೆ ಇಲ್ಲ. ಪದರ ಪದರವಾಗಿ ಎದ್ದು ಬಂದರೆ, ಅದರಲ್ಲೂ ತಾರಸಿಗೆ ತಾಗುವ ಬುಡದಲ್ಲಿ ಕಂಬಿ ಸಣ್ಣಗಾಗಿದ್ದರೆ, ಅದನ್ನು ನಂಬಿ ಪಿಲ್ಲರ್ ಏರಿಸಬೇಡಿ. ಉದ್ದವೂ ಮುಖ್ಯ. 16 ಎಂಎಂ ಕಂಬಿಗೆ ಒಂದಡಿ ಬಿಟ್ಟಿದ್ದರೆ ಜೋಡಣೆಗೆ ಸಾಲದು, ಎರಡಡಿಗಿಂತ ಜಾಸ್ತಿಯೇ ಬೇಕು. ಈಗ ಹೊಸ ಮನೆ ಕಟ್ಟುತ್ತಿರುವವರು ಆ ಕಂಬಿಗಳನ್ನು ಸುಮ್ನೆ ಬಿಡದೆ ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಿ.

ಎತ್ತರದ ಕಟ್ಟಡಗಳಿಂದ ಕಲಿಯಬೇಕಾದ್ದು

ಎತ್ತರ ಹೋದಂತೆ ಗಾಳಿ ಪಕ್ಕದಿಂದ ತಳ್ಳುವುದೇ ದೊಡ್ಡ ಸಮಸ್ಯೆ ಆಯಿತು. ಢಾಕಾದಿಂದ ಅಮೆರಿಕಕ್ಕೆ ಹೋದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಹೊರಗಡೆ ಪಿಲ್ಲರುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಇಡೀ ಕಟ್ಟಡವನ್ನೇ ಒಂದು ಕೊಳವೆಯ ಹಾಗೆ ಮಾಡಿದರು. ಷಿಕಾಗೋದ 442 ಮೀಟರಿನ ಸಿಯರ್ಸ್ ಟವರ್ (ಈಗ ವಿಲ್ಲಿಸ್ ಟವರ್) ಅವರ ಲೆಕ್ಕದ್ದು. 2010ರ ಬುರ್ಜ್ ಖಲೀಫಾ 828 ಮೀಟರ್, ನಡುವಿನ ಗಟ್ಟಿ ಕೋರ್‌ಗೆ ಮೂರು ಕಡೆಯಿಂದ ರೆಕ್ಕೆಗಳು ಆಧಾರ. ನಿಮ್ಮ ಮೂರು ಮಹಡಿಗೆ ಗಾಳಿಯ ಭಯ ಅಷ್ಟಿಲ್ಲ. ಆದರೆ ಪಿಲ್ಲರ್ ಮೇಲಿಂದ ನೆಲದವರೆಗೆ ತುಂಡಾಗದೆ ನೇರ ಬರಬೇಕು ಅನ್ನುವ ನಿಯಮ ನಮಗೂ ಅಷ್ಟೇ ಮುಖ್ಯ. ನಮ್ಮಲ್ಲಿ ರಸ್ತೆ ಕಡೆ ಬೀಮು ಮೂರಡಿ ಮುಂದೆ ಚಾಚಿಸಿ, ಅದರ ತುದಿಯಲ್ಲಿ ಮೇಲಿನ ಮಹಡಿಗೆ ಪಿಲ್ಲರ್ ಎಬ್ಬಿಸುವ ಅಭ್ಯಾಸ ಇದೆ. ನೋಡಿದರೆ ಭಯವಾಗುತ್ತೆ. ಕೆಳಗೆ ಗೋಡೆಯೇ ಇಲ್ಲದ ಪಾರ್ಕಿಂಗ್ ಬಿಟ್ಟು ಮೇಲೆ ಮಾತ್ರ ಗೋಡೆ ತುಂಬಿಸಿದ್ದ ಅನೇಕ ಫ್ಲ್ಯಾಟುಗಳು 2001ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲೂ ಕುಸಿದವು.

ಲಿಫ್ಟ್ ಬಗ್ಗೆಯೂ ಒಂದು ಮಾತು. 1854ರಲ್ಲಿ ನ್ಯೂಯಾರ್ಕಿನಲ್ಲಿ ಎಲಿಷಾ ಓಟಿಸ್ ತಾನು ನಿಂತಿದ್ದ ಲಿಫ್ಟಿನ ಹಗ್ಗ ಕತ್ತರಿಸಿಸಿ, ಅದು ಬೀಳುವುದಿಲ್ಲ ಅಂತ ಜನರಿಗೆ ತೋರಿಸಿದರು. ಆಮೇಲೆಯೇ ಮೇಲಿನ ಮಹಡಿಗೆ ಬೆಲೆ ಬಂದದ್ದು. ಮೂರನೇ ಮಹಡಿ ಯೋಚನೆ ಇದ್ದರೆ ಲಿಫ್ಟಿಗೆ ಜಾಗವನ್ನು ಈಗಲೇ ಡ್ರಾಯಿಂಗಿನಲ್ಲಿ ಬಿಡಿಸಿ.

ಕೆಲಸ ಶುರುವಾದ ಮೇಲೆ

ಲೈಸೆನ್ಸ್ ಮತ್ತು ಎಂಜಿನಿಯರ್ ಸಹಿ ಹಾಕಿದ ಡ್ರಾಯಿಂಗ್ ಕೈಯಲ್ಲಿರಲಿ. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತುವ ರಿಂಗಿನ ಕೊಕ್ಕೆ ಒಳಮುಖವಾಗಿ 135 ಡಿಗ್ರಿ ಬಗ್ಗಿರಬೇಕು, ಬರೀ ಮೂಲೆಗೆ ಮಡಚಿದರೆ ಭೂಮಿ ಅಲುಗಿದಾಗ ಬಿಚ್ಚಿಕೊಳ್ಳುತ್ತೆ. ಕಂಬಿಗೂ ಹಲಗೆಗೂ ನಡುವೆ ಇಡುವ ಕವರಿಂಗ್ ಬ್ಲಾಕ್ ಪಿಲ್ಲರಿಗೆ 40 ಎಂಎಂ, ಮೋಲ್ಡಿಂಗಿಗೆ 20 ಎಂಎಂ. ಜಲ್ಲಿ ಚೂರು ಇಟ್ಟು ಮುಗಿಸಲು ಬಿಡಬೇಡಿ. ಕಾಂಕ್ರೀಟ್ ಕಲಸುವಾಗ ಮೆತ್ತಗಿರಲಿ ಅಂತ ನೀರು ಸುರಿಯುತ್ತಾರೆ, ಅಲ್ಲೇ ನಿಂತು ತಡೆಯಿರಿ. ಆ ದಿನವೇ ಅದೇ ಕಾಂಕ್ರೀಟಿನಿಂದ ಪರೀಕ್ಷೆಯ ಕ್ಯೂಬ್ ತುಂಬಿಸಿ, 7 ಮತ್ತು 28 ದಿನಕ್ಕೆ ಒಡೆಸಿ ರಿಪೋರ್ಟ್ ತೆಗೆದುಕೊಳ್ಳಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್.

ಸೆಂಟ್ರಿಂಗ್ ಬಿಚ್ಚಲು ಎಲ್ಲರಿಗೂ ಅವಸರ, ಹಲಗೆಗೆ ಬಾಡಿಗೆ ಓಡುತ್ತಿರುತ್ತಲ್ಲ. ಆದರೂ ಹದಿನೈದು ಅಡಿಗಿಂತ ಅಗಲದ ಮೋಲ್ಡಿಂಗಿಗೆ 14 ದಿನ, ಇಪ್ಪತ್ತು ಅಡಿ ದಾಟಿದ ಬೀಮಿಗೆ 21 ದಿನ ಆಧಾರ ಇರಲೇಬೇಕು. ಇಳಿಸುವಾಗ ನಡುವಿನಿಂದ ಶುರು ಮಾಡಿ ಅಂಚಿಗೆ ಬರಲಿ, ಬಾಲ್ಕನಿಯಲ್ಲಿ ಮಾತ್ರ ತುದಿಯಿಂದ ಗೋಡೆ ಕಡೆಗೆ.